ಅಜ್ಜಿಯ ಹಳೇ ಬಾಕಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋದು ಮೈಸೂರು ಕಡೆಯವ್ರಿಗೆ ದೊಡ್ಡ ಸುದ್ದಿ ಏನಲ್ಲ ಬಿಡಿ. ಎಕ್ಸಾಮ್ ಹತ್ರ ಬಂದ್ರೆ ಪಿಯುಸಿ ಹುಡುಗ್ರು ಹತ್ತುತ್ತಾರೆ, ತೂಕ ಇಳಿಸ್ಬೇಕು ಅನ್ನೋರು ಹತ್ತುತ್ತಾರೆ, ನಾನೂ ಕಾಲೇಜಲ್ಲಿದ್ದಾಗ ಫ್ರೆಂಡ್ಸ್ ಜೊತೆ ಮುಕ್ಕಾಲು ಗಂಟೇಲಿ ಹತ್ತಿ ಮೇಲೆ ಚುರುಮುರಿ ತಿಂದು ಇಳ್ಕೊಂಡು ಬಂದಿದೀನಿ. ಆದ್ರೆ ಇರೋ 1008 ಮೆಟ್ಟಿಲಿಗೂ ಒಂದೊಂದಕ್ಕೂ ಅರಿಶಿನ ಹಚ್ಚಿ ಕುಂಕುಮ ಇಟ್ಕೊಂಡು ಹತ್ತೋದಿದ್ಯಲ್ಲ, ಅದು ಬೇರೆನೇ ಕಥೆ. ಹೆಣ್ಮಕ್ಳು ಹರಕೆ ಹೊತ್ತು ಮಾಡ್ತಾರೆ, ಆಷಾಢದಲ್ಲಂತೂ ಮೆಟ್ಟಿಲು ಪೂರ್ತಿ ಹಳದಿ ಕೆಂಪು ಆಗಿರುತ್ತೆ. ಮೊನ್ನೆ ಸಂಕ್ರಾಂತಿ ಕಳೆದ್ಮೇಲೆ ನಮ್ಮಜ್ಜಿ ಇದನ್ನ ಮಾಡಿದ್ರು, ವಯಸ್ಸು ಎಂಬತ್ತರ ಹತ್ರ (ವೋಟರ್ ಕಾರ್ಡಲ್ಲಿ ಕಮ್ಮಿ ಇದೆ, ಅದನ್ನ ನಂಬ್ಬೇಡಿ), ಎರಡೂ ಮಂಡಿ ನೋವು, ಮತ್ತೆ ನಾನು ಬ್ಯಾಗ್ ಹೊರೋನಾಗಿ ಹಿಂದೆ ಹಿಂದೆ ಹೋಗಿದ್ದೆ.

ಹರಕೆ ಯಾವಾಗಿಂದು ಅಂದ್ರೆ ನಾನು ಹುಟ್ಟೋಕೂ ಮುಂಚಿಂದು. ನಮ್ ಚಿಕ್ಕಪ್ಪ ಎಸ್ಸೆಸ್ಸೆಲ್ಸಿ ಫೇಲಾಗಿ ತಾತನ ಕೈಲಿ ಒದೆ ತಿಂದು, ಮಾರನೇ ದಿನ ಬನ್ನೂರಿಗೆ ಹೋಗ್ಬರ್ತೀನಿ ಅಂತ ಮನೆ ಬಿಟ್ಟೋರು ವಾಪಸ್ ಬರ್ಲೇ ಇಲ್ಲ. ಬಾಂಬೆ ಬಸ್ ಹತ್ತಿದ್ದ ನೋಡ್ದೆ ಅಂತ ಒಬ್ರು, ಬೆಂಗಳೂರಲ್ಲಿ ಹೋಟ್ಲಲ್ಲಿ ತಟ್ಟೆ ತೊಳೀತಾವ್ನೆ ಅಂತ ಇನ್ನೊಬ್ರು, ಆಗ ಫೋನಿಲ್ಲ ಏನಿಲ್ಲ, ತಾತ ಒಂದೆರಡು ಕಡೆ ಹುಡುಕಿ ಬಂದು ಸುಮ್ನಾಗ್ಬಿಟ್ರಂತೆ. ನಮ್ ಗದ್ದೆ ಬದಿನ ಮೇಲೆ ನಿಂತ್ರೆ ಮೋಡ ಇಲ್ದಿದ್ದ ದಿನ ದೂರದಲ್ಲಿ ಬೆಟ್ಟ ಕಾಣುತ್ತೆ. ಅಜ್ಜಿ ಅಲ್ಲೇ ನಿಂತ್ಕೊಂಡು, ನನ್ ಮಗ ಬಂದು ಹೊಸ್ಲು ತುಳೀಲಿ ತಾಯಿ, ನಿನ್ ಮೆಟ್ಲು ಮೆಟ್ಲಿಗೂ ಅರಿಶ್ನ ಕುಂಕುಮ ಇಟ್ಕೊಂಡು ಬತ್ತೀನಿ ಅಂತ ಅಂದ್ಕೊಂಡ್ರಂತೆ. ಒಂದು ರೂಪಾಯಿ ನಾಣ್ಯನ ಅರಿಶಿನದ ಬಟ್ಟೇಲಿ ಮುಡುಪು ಕಟ್ಟಿ ದೇವ್ರ ಗೂಡಲ್ಲಿ ಇಟ್ರು.

ಚಿಕ್ಕಪ್ಪ ಬಂದ್ರು. ಆದ್ರೆ ಹೆಂಗೆ ಬಂದ್ರು ಅಂದ್ರೆ, ಕುಡಿಯೋದು ಕಲ್ತು, ಸಾಲ ಮಾಡ್ಕೊಂಡು ಬಂದ್ರು. ಆಮೇಲೆ ಮದುವೆ ಆಯ್ತು, ಭಾಗ ಕೇಳಿದ್ರು, ಭಾಗ ಆಯ್ತು, ಸಾಲ್ದು ಅಂತ ಪಂಚಾಯ್ತಿ ಸೇರಿಸಿದ್ರು, ಕೊನೆಗೆ ಇರೋ ಜಮೀನು ಮಾರ್ಕೊಂಡು ಮೈಸೂರು ಸೇರಿದ್ರು. ಅಜ್ಜಿ ಹತ್ರ ಮಾತು ಬಿಟ್ಟು ವರ್ಷಗಳಾಯ್ತು, ತಾತ ತೀರ್ಕೊಂಡಾಗ ಬಂದು ಹೊರಗಡೆ ನಿಂತಿದ್ದು ಹಂಗೇ ಹೋದ್ರು. ಅದಕ್ಕೇ ಅಜ್ಜಿ ಹರಕೆ ವಿಷಯ ಎತ್ತಿದಾಗ ಅಮ್ಮನಿಗೆ ತಡೀಲಿಲ್ಲ, ಅಂಥಾ ಮಗನಿಗೆ ಇನ್ನೂ ಹರಕೆ ಬೇರೆ ಕೇಡು, ಏನ್ ಅತ್ತೆಮ್ಮ ನೀವು ಅಂದ್ಬಿಟ್ರು. ಅಜ್ಜಿ ಕೋಪ ಏನೂ ಮಾಡ್ಕೊಳ್ಲಿಲ್ಲ, ಎಲೆಗೆ ಸುಣ್ಣ ಸವರ್ತಾ ಹೇಳಿದ್ರು. "ಬರ್ಲಿ ಅಂತ ಕೇಳ್ದೆ, ಬಂದ. ಒಳ್ಳೇನಾಗಿ ಬರ್ಲಿ ಅಂತ ನಾನು ಕೇಳ್ನಿಲ್ವಲ್ಲ, ಅದು ನನ್ ತಪ್ಪು. ಅವ್ಳು ಅವ್ಳ ಮಾತು ನಡೆಸವ್ಳೆ."

ಇದಕ್ಕೆ ಯಾರೇನು ಹೇಳೋಕಾಗುತ್ತೆ ಹೇಳಿ. ನಂಗಂತೂ ಅಲ್ಲಿಗೇ ಗೊತ್ತಾಯ್ತು ಈ ಯಮ್ಮ ಬೆಟ್ಟ ಹತ್ತೇ ಹತ್ತುತ್ತೆ ಅಂತ.

ಇಷ್ಟು ವರ್ಷ ಯಾಕೆ ತೀರಿಸ್ಲಿಲ್ಲ ಅಂದ್ರೆ ಕಾರಣ ಒಂದಾ ಎರಡಾ. ನಾಟಿ, ಕಳೆ, ಕೊಯ್ಲು, ಹಸು ಕರು ಹಾಕೋ ಟೈಮು, ಅತ್ತೆ ಬಾಣಂತನ, ತಾತಂಗೆ ಲಕ್ವ ಹೊಡೆದು ಮಲಗಿದ್ದಷ್ಟೂ ವರ್ಷ ಅಜ್ಜಿ ಊರು ಬಿಟ್ಟು ಕದಲಿಲ್ಲ. ಆಮೇಲೆ ಕಣ್ಣಿಗೆ ಪೊರೆ ಬಂತು. ಹೋದ ವರ್ಷ ಆಪರೇಷನ್ ಮಾಡ್ಸಿದ್ವಿ, ಹಸಿರು ಬಟ್ಟೆ ಬಿಚ್ಚಿ ಕಪ್ಪು ಕನ್ನಡಕ ಹಾಕ್ಕೊಂಡು ಒಂದಷ್ಟು ದಿನ ಕೂತಿದ್ದು, ಒಂದಿನ ಗದ್ದೆ ಕಡೆ ಹೋಗಿ ಬಂದು "ಬೆಟ್ಟ ಸಂದಾಗಿ ಕಾಣ್ತಾ ಐತೆ ಕನ್ಲಾ, ಇನ್ನು ತಪ್ಪಿಸ್ಕೊಳಕಾಗಲ್ಲ" ಅಂದ್ರು.

ಮಂಡಿ ನೋಡಿದ ಡಾಕ್ಟ್ರು ಮೆಟ್ಟಿಲು ಹತ್ತೋದೇ ಬೇಡ ಅಂದಿದ್ರು. ನಾವೂ ನಮಗೆ ತೋಚಿದ ದಾರಿ ಎಲ್ಲ ಹೇಳಿದ್ವಿ, ಸಿಟಿ ಬಸ್ ಸ್ಟ್ಯಾಂಡಿಂದ 201 ಹತ್ತಿದ್ರೆ ಸೀದಾ ಮೇಲೆ ಇಳಿಸ್ತಾರೆ, ಒಂದು ಅರ್ಚನೆ ಮಾಡಿಸಿ ತಪ್ಪು ಕಾಣಿಕೆ ಹಾಕಿದ್ರೆ ಮುಗೀತು ಅಂತ ಅಪ್ಪ. ಮೆಟ್ಟಿಲಿಗೆ ಅರಿಶಿನ ನಾನು ಹಚ್ಚುತೀನಿ ನೀನು ಬಸ್ಸಲ್ಲಿ ಬಾ ಅಜ್ಜಿ ಅಂತ ನಾನು. "ಹೇಳಿದ್ ಬಾಯಿ ನಂದು, ಇಡೋ ಕೈ ನಿಂದಾ?" ಅಂದ್ರು, ಅಲ್ಲಿಗೆ ನಂದೂ ಮುಗೀತು. ಆಷಾಢ ಶುಕ್ರವಾರದ ತನಕನಾದ್ರೂ ಇರು ಅಂದ್ರೆ ಅದಕ್ಕೂ ಉತ್ತರ ರೆಡಿ ಇತ್ತು, ಆ ದಿನ ಲಕ್ಷಾಂತರ ಜನ ಬತ್ತಾರೆ, ಅವ್ಳಿಗೆ ನನ್ ಮುಖ ನೋಡಕ್ಕೂ ಪುರ್ಸೊತ್ತಿರಲ್ಲ ಅಂತ. ಕೊನೆಗೆ ಒಂದು ಮಂಗಳವಾರ ಅಂತ ಆಯ್ತು.

ಈಗ ನಿಜವಾಗ್ಲೂ ನಂಗೆ ಆಶ್ಚರ್ಯ ಆಗಿದ್ದು ಹೇಳ್ತೀನಿ. ಭಕ್ತಿ ಇರೋರು ದೇವ್ರ ಮೇಲೆ ಭಾರ ಹಾಕಿ ಹೊರಟ್ಬಿಡ್ತಾರೆ ಅಂತ ನಾವು ಅಂದ್ಕೊಂಡಿರ್ತೀವಲ್ಲ, ಅಜ್ಜಿ ಹಂಗೆ ಮಾಡ್ಲೇ ಇಲ್ಲ. ಪ್ರಾಕ್ಟೀಸ್ ಮಾಡಿದ್ರು! ದಿನಾ ಬೆಳಿಗ್ಗೆ ಕೆರೆ ಸೋಪಾನಕ್ಕೆ ಹೋಗೋದು, ಬಗ್ಗಿ ಮುಟ್ಟಿ ಹತ್ತಿ ನೋಡೋದು. ಬಗ್ಗಿದ್ರೆ ತಲೆ ಸುತ್ತುತ್ತೆ, ಮಂಡಿ ಊರಿದ್ರೆ ಏಳಕ್ಕಾಗಲ್ಲ. ಅದಕ್ಕೆ ಅವ್ರೇ ಒಂದು ಉಪಾಯ ಕಂಡ್ಕೊಂಡ್ರು. ಬಲಗೈ ಮೇಲಿನ ಕಡೆ ಬರೋ ಹಂಗೆ ಮೆಟ್ಟಿಲ ಮೇಲೆ ಅಡ್ಡಡ್ಡ ಕೂತ್ಕೋಬೇಕು, ಕೂತಲ್ಲಿಂದಾನೇ ಕೈಗೆ ಸಿಗೋ ಮೂರು ಮೆಟ್ಟಿಲಿಗೆ ಹಚ್ಚಬೇಕು, ಆಮೇಲೆ ಕೋಲೂರಿ ಎದ್ದು ಮೂರು ಹತ್ತಿ ಮತ್ತೆ ಕೂರ್ಬೇಕು. ನಾನು ಮೊಬೈಲಲ್ಲಿ ಲೆಕ್ಕ ಹಾಕ್ದೆ, ಸಾವಿರ ಸಲ ಬಗ್ಗೋ ಬದ್ಲು 336 ಸಲ ಎದ್ದು ಕೂತ್ರೆ ಸಾಕು. ಹೇಳಿದ್ದಕ್ಕೆ "ಎಷ್ಟಾಯ್ತದೆ ಅಂತ ನಂಗೆ ಹೇಳ್ಬೇಡ" ಅಂತ ಗದರಿದ್ರು. ಊರಲ್ಲಿ ಹುಚ್ಚು ಹಿಡೀತಾ ಮುದುಕಿಗೆ ಅಂತ ನಕ್ಕೋರೂ ಇದ್ರು, ಇರ್ಲಿ.

ಸಾಮಾನು ತರಕ್ಕೆ ದೇವರಾಜ ಮಾರ್ಕೆಟ್ಟಿಗೇ ಹೋಗ್ಬೇಕು ಅಂತ ಹಠ. ಅಲ್ಲಿ ಬಣ್ಣಬಣ್ಣದ ಪುಡಿ ಗುಡ್ಡೆ ಹಾಕಿರ್ತಾರೆ ನೋಡಿ, ಟೂರಿಸ್ಟ್‌ಗಳು ಫೋಟೋ ತೆಗೀತಾರಲ್ಲ, ಅಜ್ಜಿ ಒಂದೊಂದು ಅಂಗಡೀಲೂ ಚಿಟಿಕೆ ಅರಿಶಿನ ಅಂಗೈಗೆ ಹಾಕಿ ಎಂಜಲಲ್ಲಿ ಉಜ್ಜಿ ಮೂಸಿ, ಇದು ಬಣ್ಣ ಇದು ಬಣ್ಣ ಅಂತ ಅಂಗಡಿಯವ್ರ ಮುಂದೇನೇ ಹೇಳ್ಕೊಂಡು ಬಂದ್ರು. ನಂಗೆ ಮುಖ ಎಲ್ಲಿಡ್ಬೇಕು ಗೊತ್ತಾಗ್ಲಿಲ್ಲ. ಕಡೆಗೆ ಒಳಗಡೆ ಒಂದು ಹಳೇ ಗ್ರಂಥಿಗೆ ಅಂಗಡೀಲಿ ಅರ್ಧ ಕೆಜಿ ಅರಿಶಿನ, ಕಾಲು ಕೆಜಿ ಕುಂಕುಮ, ಕರ್ಪೂರ, ಗಂಧದಕಡ್ಡಿ, ಮಡ್ಲಕ್ಕಿಗೆ ಹಸಿರು ಬಳೆ, ರವಿಕೆ ಕಣ ತಗೊಂಡಿದ್ದಾಯ್ತು. ಅರಿಶಿನ ಪುಡಿ ಹಂಗೇ ಉದುರಿಸಿದ್ರೆ ಗಾಳೀಲಿ ಹೋಗುತ್ತೆ, ನೀರಲ್ಲಿ ಸ್ವಲ್ಪ ಗಟ್ಟಿಯಾಗಿ ಕಲಸ್ಕೋಬೇಕು, ಅದು ಒಣಗುತ್ತೆ ಅದಕ್ಕೇ ಸ್ವಲ್ಪ ಸ್ವಲ್ಪ ಕಲಸ್ಬೇಕು. ಈ ಕಲಸೋ ಕೆಲಸ ಮಾತ್ರ ನಂಗೆ ಸಿಕ್ತು.

ಹಿಂದಿನ ದಿನ ರಾತ್ರಿ ಮೈಸೂರಲ್ಲಿ ನನ್ ರೂಮಲ್ಲೇ ಇದ್ದು ಬೆಳಿಗ್ಗೆ ಐದೂವರೆಗೆಲ್ಲ ಪಾದದ ಹತ್ರ ಇದ್ವಿ. ಚಳಿ, ಕತ್ತಲು, ಅಷ್ಟೊತ್ತಿಗಾಗ್ಲೇ ಶೂ ಹಾಕ್ಕೊಂಡು ಓಡೋರು ಬಂದಿದ್ರು. ಅಜ್ಜಿ ತಣ್ಣೀರು ಸ್ನಾನ ಮಾಡಿ ಉಪವಾಸ, ಒಂದು ಲೋಟ ಹಾಲು ಕುಡಿ ಅಂದ್ರೂ ಇಲ್ಲ, ಮಾತ್ರೆ ಮಾತ್ರ ನೀರಲ್ಲಿ ನುಂಗಿದ್ರು. ಮೊದಲ ಮೆಟ್ಟಿಲಿಗೆ ಕರ್ಪೂರ ಹಚ್ಚಿ ಕಾಯಿ ಒಡೆದು, ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಕೂತ್ರು ನೋಡಿ, ನಾಟಿಗೆ ಗದ್ದೆಗಿಳಿದಂಗೇ ಇತ್ತು. ಅವ್ರೂ ಅದನ್ನೇ ಅಂದ್ರು, ಗದ್ದೆ ಎಷ್ಟುದ್ದ ಐತೆ ಅಂತ ನೋಡ್ದೋಳು ನಾಟಿ ಮಾಡಲ್ಲ, ಕೈ ಮುಂದಿರೋ ಪೈರು ನೋಡ್ಕೋಬೇಕು ಅಂತ.

ಮೂರು ಬೆರಳಲ್ಲಿ ಅರಿಶಿನ ಎಳೆಯೋದು, ಉಂಗುರದ ಬೆರಳಲ್ಲಿ ಕುಂಕುಮದ ಬೊಟ್ಟು, ಬಾಯಲ್ಲಿ ತಾಯಿ ತಾಯಿ ಅಂತ. ಮೂರಾದ್ಮೇಲೆ ಕೋಲು, ನನ್ ಭುಜ, ಉಸ್ಸಪ್ಪಾ ಅಂತ ಎದ್ದೇಳೋದು. ಮೊದಲ ಭಾಗ ಕಡಿದು, ಮೆಟ್ಟಿಲು ಎತ್ತರ ತಗ್ಗು ಇವೆ, ಕೆಲವು ಇಬ್ರು ಕೂರೋವಷ್ಟು ಅಗಲ, ಕೆಲವಲ್ಲಿ ಪಾದ ಇಡಕ್ಕೇ ಸರಿಯಾಗಿ ಜಾಗ ಇಲ್ಲ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡ್ಸಿದ್ದು ಅಂತಾರೆ ಇವನ್ನ, ಅಷ್ಟು ಕಾಲದಿಂದ ಜನ ತುಳಿದೂ ತುಳಿದೂ ಅಂಚು ನುಣ್ಣಗಾಗಿದೆ, ಅರಿಶಿನ ಜಾರುತ್ತೆ. ಎಷ್ಟೋ ಮೆಟ್ಟಿಲಿಗೆ ಆಗ್ಲೇ ಬೇರೆಯವರು ಹಚ್ಚಿದ್ದು ದಪ್ಪಗೆ ಹೆಪ್ಪುಗಟ್ಟಿತ್ತು, ಇದಕ್ಕಾಗಿದ್ಯಲ್ಲ ಅಜ್ಜಿ ಬಿಡು ಅಂದ್ರೆ, ಅವ್ರ ಹರಕೆ ಅವ್ರದ್ದು ಅಂತ ಪಕ್ಕದಲ್ಲಿ ಜಾಗ ನೋಡಿ ಇಡೋರು. ಕೋತಿ ಬಿಸಾಕಿದ ಬಾಳೆಹಣ್ಣಿನ ಸಿಪ್ಪೆ ಇದ್ರೆ ಅದನ್ನ ತಾವೇ ಬಳಿದು ಹಾಕಿ ಒರೆಸಿ ಆಮೇಲೆ ಹಚ್ಚೋರು. ಒಂದನ್ನೂ ಬಿಡ್ಲಿಲ್ಲ. ನಾನು ಹಿಂದಿಂದ ನೋಡ್ತಿದ್ದೆ ಕಣ್ತಪ್ಪಿನಾದ್ರೂ ಒಂದು ಬಿಡ್ತಾರಾ ಅಂತ, ಇಲ್ಲ.

ಕೈಗೆ ಸ್ಮಾರ್ಟ್ ವಾಚ್ ಕಟ್ಕೊಂಡಿದ್ದ ಒಬ್ಬ ಹುಡುಗ ನಮ್ಮನ್ನ ದಾಟಿ ಮೇಲೆ ಹೋಗೋದು, ಕೆಳಗಿಳಿಯೋದು, ಮತ್ತೆ ಹೋಗೋದು ಮಾಡ್ತಿದ್ದ. ಅಜ್ಜಿಗೆ ತಡೀಲಾರದೆ ಕೇಳೇಬಿಟ್ರು, "ಯಾತುಕ್ಕಪ್ಪ ನಿಂದು ಹರಕೆ?" ಅವ್ನು ಏದುಸಿರು ಬಿಡ್ತಾ "ಹೊಟ್ಟೆ ಕರಗಿಸೋಕೆ ಅಜ್ಜಿ" ಅಂದ. "ಅನ್ನ ಕಮ್ಮಿ ಉಣ್ಣು, ಅವ್ಳಿಗ್ಯಾಕೆ ಅದೆಲ್ಲ ತೊಂದ್ರೆ" ಅಂದ್ರು. ಅವ್ನು ನಗ್ತಾ ನಿಂತು ನೀರಿನ ಬಾಟ್ಲು ಕೊಟ್ಟ, ಅಜ್ಜಿ ಬಾಯಿ ಮುಕ್ಕಳಿಸಿದ್ರು ಅಷ್ಟೇ, ಕುಡೀಲಿಲ್ಲ.

ಬೆಳಕು ಹರಿದ ಮೇಲೆ ಕೆಳಗಡೆ ರೇಸ್ ಕೋರ್ಸು, ಕಾರಂಜಿ ಕೆರೆ, ಬೆಳ್ಳಗೆ ಲಲಿತ ಮಹಲು ಎಲ್ಲ ಕಾಣ್ತು. ನಾನು ತೋರಿಸ್ತಿದ್ರೆ ಅವ್ರು ಕತ್ತು ತಿರುಗಿಸಿ ನಮ್ಮೂರು ಯಾವ ಕಡೆ ಅಂತ ಹುಡುಕ್ತಿದ್ರು. ಕೂತಾಗೆಲ್ಲ ಕಥೆ. ಮಹಿಷನ್ನ ಕಡಿದಾಗ ನೆಲಕ್ಕೆ ಬಿದ್ದ ಒಂದೊಂದು ತೊಟ್ಟು ರಕ್ತಕ್ಕೂ ಒಬ್ಬೊಬ್ಬ ರಾಕ್ಷಸ ಹುಟ್ಟಿದ್ರಂತೆ, ಚಾಮುಂಡವ್ವನಿಗೆ ಸಾಕುಸಾಕಾಗಿ ಬೆವರು ಬಳಿದು ಒಗೆದಾಗ ಹುಟ್ಟಿದ್ದು ಉತ್ತನಹಳ್ಳಿ ಮಾರವ್ವ, ಆ ತಂಗಿ ನಾಲಿಗೆ ಚಾಚಿ ರಕ್ತ ನೆಲಕ್ಕೇ ಬೀಳ್ದಂಗೆ ಹಿಡ್ಕೊಂಡ್ಳಂತೆ. "ತಂಗಿ ಇಲ್ದಿದ್ರೆ ಅಕ್ಕನ ಕೈಲಿ ಆಗ್ತಿತ್ತಾ? ಹೆಸರು ಅಕ್ಕಂಗೆ, ಮೆಟ್ಲು ಅಕ್ಕಂಗೆ" ಅಂತ ತಂಗಿ ಪರವಾಗಿ ಸ್ವಲ್ಪ ಹೊತ್ತು ಬೇಜಾರು ಮಾಡ್ಕೊಂಡ್ರು. ಆಮೇಲೆ ನಂಜನಗೂಡಿನ ನಂಜುಂಡಪ್ಪಂಗೂ ಚಾಮುಂಡವ್ವಂಗೂ ಪ್ರೀತಿ ಆಗಿದ್ದು, ಮನೇಲಿರೋ ಹೆಂಡ್ತೀರು ರಂಪ ಮಾಡಿದ್ದು, ನಮ್ ಕಡೆ ಎಲ್ರಿಗೂ ಗೊತ್ತಿರೋ ಕಥೆನೇ, ಆದ್ರೆ ಅಜ್ಜಿ ಹೇಳೋದು ಕೇಳಿದ್ರೆ ಪಕ್ಕದ ಬೀದಿ ಮನೆ ಸುದ್ದಿನೇ ಅನ್ಸುತ್ತೆ. ದೇವ್ರಿಗೆ ಭಯ ಪಟ್ಟಿದ್ದು ನಾನು ಯಾವತ್ತೂ ನೋಡಿಲ್ಲ ಅಜ್ಜಿ.

ನಂದಿ ಹತ್ರ ಬರೋ ಅಷ್ಟೊತ್ತಿಗೆ ಹನ್ನೊಂದು ಆಗಿತ್ತು. ಒಂದೇ ಬಂಡೇಲಿ ಕಡೆದಿರೋ ನಂದಿ ಅದು, ಸುಮಾರು 16 ಅಡಿ ಎತ್ತರ 25 ಅಡಿ ಉದ್ದ, ಕತ್ತಲ್ಲಿರೋ ಗಂಟೆ ಸರ ಎಲ್ಲ ಕಲ್ಲಲ್ಲೇ. ಅದನ್ನೂ ಆ ದೊರೆನೇ ಮಾಡ್ಸಿದ್ದು. ಅಜ್ಜಿ ನಂದಿ ನೆರಳಲ್ಲಿ ಕಾಲು ಚಾಚಿ ಕೂತ್ರು. ಸೀರೆ ಅಂಚು ಪೂರ್ತಿ ಹಳದಿ, ಬೆರಳ ತುದಿ ಕಲ್ಲಿಗೆ ಉಜ್ಜಿ ಉಜ್ಜಿ ಸಿಪ್ಪೆ ಎದ್ದಿತ್ತು, ಮಂಡಿ ಊದಿತ್ತು. ಮೂವ್ ಹಚ್ಚಿ ಕಾಲು ಒತ್ತಿದೆ. ಅಲ್ಲಿಗೆ ರಸ್ತೆನೂ ಬರುತ್ತೆ, ಆಟೋ ಕಾರು ಎಲ್ಲ ನಿಂತಿದ್ವು, ಇಲ್ಲಿಗೆ ಸಾಕು ಅಜ್ಜಿ, ಇಷ್ಟು ಮಾಡಿದ್ದೇ ಹೆಚ್ಚು, ಆಟೋ ತರ್ತೀನಿ ಅಂದೆ. ಮಾತಾಡ್ಲಿಲ್ಲ. ಮಜ್ಜಿಗೆ ಮಾರೋ ಆಯಮ್ಮನೂ ದನಿಗೂಡಿಸಿದ್ರು, ತಾಯಿ ಒಪ್ಕೋತಾಳೆ ಹೋಗಿ ಅಜ್ಜಿ ಅಂತ.

"ಅವ್ಳು ಒಪ್ಕೋತಾಳೆ ಕನವ್ವ, ಅವ್ಳು ಒಳ್ಳೇವ್ಳು. ನಾನು ಒಪ್ಬೇಕಲ್ಲ" ಅಂದ್ರು. ಕೋಲಿಗೆ ಕೈ ಹಾಕಿದ್ರು.

ಆಮೇಲಿನ ಮೆಟ್ಟಿಲು ಅಷ್ಟು ಕಡಿದಲ್ಲ, ಆದ್ರೆ ಬಿಸಿಲು ಬಂದಿತ್ತು, ಕಲ್ಲು ಕಾದಿತ್ತು. ಈಗ ಮೂರರ ಬದಲು ಎರಡು ಮೆಟ್ಟಿಲಿಗೊಂದ್ಸಲ ಏಳೋ ಪರಿಸ್ಥಿತಿ, ಯಾಕಂದ್ರೆ ಕೈ ಮೇಲಕ್ಕೆ ಎತ್ತಕ್ಕೆ ಆಗ್ತಿರ್ಲಿಲ್ಲ. ಕಥೆ ನಿಂತಿತ್ತು, ತಾಯಿ ಅನ್ನೋದೂ ನಿಂತಿತ್ತು. ಬೇರೆ ಇನ್ನೊಬ್ರು, ಹೊಸದಾಗಿ ಮದುವೆ ಆಗಿರೋ ಹುಡುಗಿ ಅನ್ಸುತ್ತೆ, ಅವ್ಳೂ ಹರಕೆ ಮಾಡ್ತಾ ಬಗ್ಗಿ ಬಗ್ಗಿ ಸರಸರ ಬಂದು ನಮ್ಮನ್ನ ದಾಟಿದ್ಳು, ಹೋಗೋವಾಗ ಅಜ್ಜಿ ಕಾಲು ಮುಟ್ಟಿ ನಮಸ್ಕಾರ ಮಾಡಿದ್ಳು. ಅಜ್ಜಿ ಅವ್ಳ ಕೆನ್ನೆಗೆ ಇದ್ದ ಅರಿಶಿನದ ಕೈಯಲ್ಲೇ ಸವರಿ ಗಂಡುಮಗ ಆಗ್ಲಿ ಅಂದ್ರು. "ಅಜ್ಜಿ ನಂಗೆ ಬ್ಯಾಂಕ್ ಎಕ್ಸಾಮ್ ಪಾಸಾಗ್ಬೇಕಿತ್ತು" ಅಂದ್ಳು ಪಾಪ. "ಅದೂ ಆಗ್ಲಿ."

ಕೊನೇ ಮೆಟ್ಟಿಲಿಗೆ ಹಚ್ಚಿದಾಗ ಎರಡು ಗಂಟೆ ಕಳೆದಿತ್ತು. ನಾನು ಆಯ್ತು ಅಜ್ಜಿ ಅಂತ ಕೂಗಿದ್ರೆ ಅವ್ರು ಬಟ್ಲಲ್ಲಿ ಉಳಿದಿದ್ದ ಅರಿಶಿನ ಬಳಿದು ಕೊನೇದಕ್ಕೇ ಪೂರ್ತಿ ಮೆತ್ತಿ, ವೇಸ್ಟ್ ಯಾಕೆ ಅಂದ್ರು.

ಹೋಗಿ ನೋಡಿದ್ರೆ ಗುಡಿ ಬಾಗಿಲು ಹಾಕಿದೆ. ಮಧ್ಯಾಹ್ನ ಎರಡಕ್ಕೆ ಮುಚ್ಚಿದ್ರೆ ಮೂರೂವರೆಗೆ ತೆಗೆಯೋದು. ನಂಗೆ ಅಳುನೇ ಬರೋ ಹಂಗಾಗಿತ್ತು, ಪಕ್ಕದಲ್ಲೇ ದಾಸೋಹದಲ್ಲಿ ಊಟ ನಡೀತಿದೆ, ವಾಸನೆ ಬರ್ತಿದೆ, ನೋಡ್ದೆ ಉಣ್ಣಲ್ಲ ಅಂತ ಈ ಯಮ್ಮ. ಮಹಿಷಾಸುರನ ಪ್ರತಿಮೆ ಹತ್ರ ನೆರಳಿಗೆ ಕೂತ್ವಿ, ಒಂದು ಕೈಲಿ ಕತ್ತಿ ಒಂದು ಕೈಲಿ ಹಾವು ಹಿಡ್ಕೊಂಡು ನಿಂತಿದಾನಲ್ಲ ಅವ್ನ ಜೊತೆ ಸೆಲ್ಫಿ ತೆಗೆಯೋರ ಕ್ಯೂ. ಅಜ್ಜಿ ಗೋಪುರ ನೋಡ್ಕೊಂಡು ಹಳೇ ದಸರಾ ನೆನಪು ಮಾಡ್ಕೊಂಡ್ರು, ಮದುವೆ ಆದ ಹೊಸದ್ರಲ್ಲಿ ಗಾಡಿ ಕಟ್ಕೊಂಡು ಬಂದಿದ್ರಂತೆ, ಜಯಚಾಮರಾಜ ಒಡೆಯರು ಅಂಬಾರೀಲಿ ಕೂತು ಹೋಗಿದ್ದನ್ನ ನೋಡಿದಾರಂತೆ. "ಆಗ ದೊರೆ ಕೂರ್ತಿದ್ರು, ಈಗ ಇವ್ಳೇ ಕೂತ್ಕೊಂಡು ಹೋಯ್ತಾಳೆ. ಇವ್ಳು ಇಳಿದು ಬತ್ತಾಳೆ, ನಾನು ಹತ್ಬಾರ್ದಾ" ಅಂತ ಅಂದು ಅಲ್ಲೇ ಕಂಬಕ್ಕೊರಗಿ ಗೊರಕೆ.

ಬಾಗಿಲು ತೆಗೆದ್ಮೇಲೆ ಕ್ಯೂ ಜಾಸ್ತಿ ಇರ್ಲಿಲ್ಲ. ಅಜ್ಜಿ ಮಡ್ಲಕ್ಕಿ ಕೊಟ್ರು, ಸೊಂಟದಿಂದ ಮುಡುಪು ತೆಗೆದು ಬಟ್ಟೆ ಸಮೇತ ಹುಂಡಿಗೆ ಹಾಕಿದ್ರು, ಒಂದರೆಕ್ಷಣ ದೇವಿ ಮುಖ ನೋಡಿದ್ರು, ಮುಂದೆ ನಡೀರಿ ಅಂದ್ರು ಅಲ್ಲಿದ್ದವ್ರು, ನಡೆದ್ರು. ಇಷ್ಟಕ್ಕೆ ಬೆಳಿಗ್ಗೆ ಐದೂವರೆಯಿಂದ ಅಂತ ನಂಗನ್ಸಿದ್ದು ಹೌದು. ಅಜ್ಜಿ ಮುಖದಲ್ಲಿ ಏನೋ ಕಾಣುತ್ತೆ, ಕಣ್ಣೀರಾದ್ರೂ ಹಾಕ್ತಾರೆ ಅಂತ ಕಾಯ್ತಿದ್ದೆ, ಹೊರಗೆ ಬಂದು ಕೇಳಿದ್ದು ಊಟ ಇನ್ನೂ ಇದ್ಯಂತಾ ಅಂತ.

ದಾಸೋಹ ಮುಗಿದಿತ್ತು. ಹೋಟ್ಲಲ್ಲಿ ಇಡ್ಲಿ ಕೊಡಿಸ್ದೆ. ತಿನ್ನೋವಾಗ, ಚಿಕ್ಕಪ್ಪಂಗೆ ಫೋನ್ ಮಾಡ್ಲಾ, ಇಲ್ಲೇ ಮೈಸೂರಲ್ಲೇ ಇದಾರೆ, ವಿಷಯನಾದ್ರೂ ಹೇಳ್ತೀನಿ ಅಂದೆ. ನಂಗೆ ನಿಜವಾಗ್ಲೂ ಅನ್ಸಿತ್ತು ಇವತ್ತೊಂದಿನ ಇದೆಲ್ಲ ಸರಿಹೋಗ್ಬಹುದು ಅಂತ. ಅಜ್ಜಿ ಚಟ್ನಿ ಕೈ ಎತ್ತಿ ಬೇಡ ಅಂದ್ರು. "ಅವ್ನ್ಗೇನ್ ಸಂಬಂಧ? ಇದು ನಂಗೂ ಅವ್ಳಿಗೂ ಇದ್ದ ಯವಾರ."

ಕೆಳಗೆ ಹೋಗಕ್ಕೆ 201 ಹತ್ತಿ ಕೂತ್ಮೇಲೆ ಅಪ್ಪನೇ ಫೋನ್ ಮಾಡಿದ್ರು, ಸ್ಪೀಕರ್ ಹಾಕ್ದೆ. ಅವ್ವ ಹೆಂಗಿದೀಯ, ಕಾಲು ಹೆಂಗಿದೆ, ಎಲ್ಲ ಮುಗೀತಲ್ಲ ಇನ್ನಾದ್ರೂ ನೆಮ್ಮದಿಯಾಗಿ ಮನೇಲಿರು ಅಂದ್ರು. ಅಜ್ಜಿ ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡಿ, ಇದೊಂದು ಮುಗೀತು ಕನಪ್ಪ, ಇನ್ನು ನಂಜನಗೂಡಿಂದೊಂದು ಐತಲ್ಲ, ನಿಂಗೆ ಚಿಕ್ಕೋನಾಗಿದ್ದಾಗ ಜ್ವರ ನೆತ್ತಿಗೇರಿದ್ದಾಗ ಮುಡಿ ಕೊಡಿಸ್ತೀನಿ ಅಂದಿದ್ದೆ ಅಂದ್ರು.

ಅಪ್ಪನ ತಲೇಲಿ ಈಗ ಕಿವಿ ಮೇಲೆ ಎರಡು ಕಡೆ ಒಂದಿಷ್ಟು ಕೂದಲು ಬಿಟ್ರೆ ಏನಿಲ್ಲ. ಆ ಕಡೆಯಿಂದ ಸದ್ದೇ ಇಲ್ಲ, ಹಿಂದೆ ಅಮ್ಮ ನಗೋದು ಕೇಳಿಸ್ತಿತ್ತು. "ಇರೋದನ್ನೇ ಕೊಡಾನ ಬುಡು, ಎಷ್ಟು ಅಂತ ನಾನು ಹೇಳಿಲ್ಲ" ಅಂದ್ರು ಅಜ್ಜಿ. ಸೋಮವಾರ ಆಗ್ಬೇಕಂತೆ, ನಾನೀಗ ಆಫೀಸಲ್ಲಿ ರಜ ಕೇಳ್ಬೇಕು.